ವೆನಿಲ್ಲಾ ಎಸೆನ್ಸ್: ಬಾಟಲಿಯಲ್ಲಿ ಏನಿದೆ, ಮನೆಯಲ್ಲಿ ಮಾಡುವುದು ಹೇಗೆ?

ಕಳೆದ ರಜಬ್ ತಿಂಗಳಲ್ಲಿ ಒಂದು ಜುಮಾದ ಬಯಾನ್‌ನಲ್ಲಿ ನಾವು ಸಂಶಯಾಸ್ಪದ ವಸ್ತುಗಳ ಕುರಿತು ಮಾತನಾಡಿದ್ದೆವು. ಹಲಾಲ್ ಸ್ಪಷ್ಟವಿದೆ, ಹರಾಮ್ ಸ್ಪಷ್ಟವಿದೆ, ಇವೆರಡರ ನಡುವೆ ಹೆಚ್ಚಿನವರಿಗೆ ತಿಳಿಯದ ಕೆಲವು ಸಂಗತಿಗಳಿವೆ ಎಂಬರ್ಥದ ಪ್ರವಾದಿ(ಸ)ರ ಮಾತನ್ನು ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್. ಅದನ್ನು ವಿವರಿಸುತ್ತಾ ಉದಾಹರಣೆಗೆಂದು ಒಂದು ಮಾತು ಸೇರಿಸಿದೆವು: ಕೇಕಿಗೆ ಹಾಕುವ ವೆನಿಲ್ಲಾ ಎಸೆನ್ಸ್‌ನಲ್ಲಿ ಮದ್ಯವಿರುತ್ತದೆ, ಎಚ್ಚರವಾಗಿರಿ. ಅದನ್ನು ಎಲ್ಲೋ ಓದಿದ್ದೆವು. ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ.

ಎರಡು ವಾರ ಕಳೆಯಿತು. ನಮ್ಮ ಮೊಹಲ್ಲಾದ ಒಬ್ಬ ಸಹೋದರಿ ತಮ್ಮ ಹತ್ತು ವರ್ಷದ ಮಗನ ಕೈಯಲ್ಲಿ ಒಂದು ಚೀಲ ಕಳುಹಿಸಿದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಕೇಕ್ ಮಾಡಿ ಎರಡು ಮಕ್ಕಳನ್ನು ಸಾಕುತ್ತಿರುವವರು. ಚೀಲದೊಳಗೆ ಅರ್ಧ ಖಾಲಿಯಾದ ಎಸೆನ್ಸ್ ಬಾಟಲಿ, ಜೊತೆಗೊಂದು ಚೀಟಿ. "ಹಜ್ರತ್, ನಿಮ್ಮ ಬಯಾನ್ ಆದ ಮೇಲೆ ಮೂರು ಮಂಗನಿಯ ಆರ್ಡರ್ ವಾಪಸ್ ಹೋಗಿದೆ. ಈ ಬಾಟಲಿ ಹರಾಮ್ ಆಗಿದ್ದರೆ ನಾನೇ ಚೆಲ್ಲಿಬಿಡುತ್ತೇನೆ. ಆಗಿರದಿದ್ದರೆ ಅದನ್ನೂ ಹೇಳಿ" ಎಂದು ಬರೆದಿದ್ದರು.

ಕನ್ನಡಕ ಹಾಕಿಕೊಂಡು ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆವು. ನೀರು, ಪ್ರೊಪೈಲಿನ್ ಗ್ಲೈಕಾಲ್ ಎಂದು ಬರೆದು ಪಕ್ಕದಲ್ಲಿ 1520 ಎಂಬ ಸಂಖ್ಯೆ, ಕೃತಕ ವೆನಿಲ್ಲಾ ಸುವಾಸನೆ, ಬಣ್ಣ. ಅಷ್ಟೇ. ಮದ್ಯಸಾರದ ಹೆಸರೇ ಇರಲಿಲ್ಲ. ಅಂದರೆ ಆ ಸಹೋದರಿಯ ಮಟ್ಟಿಗೆ ನಾವು ಮಿಂಬರ್ ಬಳಿ ನಿಂತು ಹೇಳಿದ್ದು ತಪ್ಪು. ಮುಂದಿನ ಜುಮಾದಲ್ಲಿ ಅದನ್ನು ಅದೇ ಜಾಗದಲ್ಲಿ ನಿಂತು ಹೇಳಿದೆವು. ಹಿಂದೆ ಹೋದ ಆರ್ಡರ್‌ಗಳಲ್ಲಿ ಒಂದು ಮರಳಿ ಬಂತು, ಎರಡು ಬರಲಿಲ್ಲ. ಆಮೇಲೆ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣವೆಂದು ಕೂತೆವು. ಪತ್ರಿಕೆಯ ಓದುಗರಲ್ಲೂ ಹಲವು ಸಹೋದರಿಯರು ಇದನ್ನೇ ಕೇಳುತ್ತಿರುವುದರಿಂದ ಬಯಾನ್‌ನ ಸಾರಾಂಶದ ಬದಲು ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ಮೊದಲು ತಿಳಿಯಬೇಕಾದದ್ದು, ಅಂಗಡಿಯಲ್ಲಿ ಎಸೆನ್ಸ್ ಎಂದು ಸಿಗುವುದೂ ಎಕ್ಸ್‌ಟ್ರಾಕ್ಟ್ ಎಂದು ಸಿಗುವುದೂ ಒಂದೇ ಅಲ್ಲ. ನಮ್ಮ ಊರಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಎಸೆನ್ಸ್‌ನಲ್ಲಿ ಸಾಮಾನ್ಯವಾಗಿ ವೆನಿಲ್ಲಾ ಕಾಯಿಯೇ ಇರುವುದಿಲ್ಲ. ಅದರಲ್ಲಿರುವುದು ವೆನಿಲಿನ್ ಎಂಬ ಪರಿಮಳದ ಪುಡಿ. 1874ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳು ಇದನ್ನು ದೇವದಾರು ಜಾತಿಯ ಮರದ ರಸದಲ್ಲಿ ಸಿಗುವ ಪದಾರ್ಥದಿಂದ ತಯಾರಿಸಿದರು. ಈಗ ಬಹುಪಾಲು ಪೆಟ್ರೋಲಿಯಂ ಮೂಲದಿಂದ ತಯಾರಾಗುತ್ತದೆ. ಈ ಪುಡಿಯನ್ನು ಕರಗಿಸಲು ಕೆಲವು ಕಂಪನಿಗಳು ಪ್ರೊಪೈಲಿನ್ ಗ್ಲೈಕಾಲ್ ಬಳಸುತ್ತವೆ, ಕೆಲವು ಮದ್ಯಸಾರ ಬಳಸುತ್ತವೆ. ಹೆಸರಿನಲ್ಲಿ ಗ್ಲೈಕಾಲ್ ಎಂದಿದ್ದರೂ ಅದು ಅಮಲೇರಿಸುವ ಮದ್ಯವಲ್ಲ. ಬಾಟಲಿ ತಿರುಗಿಸಿ ಓದದೆ ಯಾವುದರಲ್ಲಿ ಏನಿದೆ ಎಂದು ಹೇಳಲಾಗದು.

ಎಕ್ಸ್‌ಟ್ರಾಕ್ಟ್ ಎಂಬುದು ಬೇರೆ. ನಿಜವಾದ ವೆನಿಲ್ಲಾ ಕಾಯಿಯನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರ ಅದು. ಅಮೆರಿಕದ ಕಾನೂನಿನ ಪ್ರಕಾರ ಆ ಹೆಸರಿನಲ್ಲಿ ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ. 35ರಷ್ಟು ಮದ್ಯಸಾರ ಇರಲೇಬೇಕು. ಗಲ್ಫ್‌ನಿಂದಲೋ ಅಮೆರಿಕದಿಂದಲೋ ಬಂದ ನೆಂಟರು ಕೊಡುವ ದುಬಾರಿ ಬಾಟಲಿ ಇದಾಗಿರಬಹುದು, ನೋಡಿಕೊಳ್ಳಿ.

ಹಸಿರು ಚುಕ್ಕೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವೆಂದು ಮಾತ್ರ ಹೇಳುತ್ತದೆ. ಮದ್ಯಸಾರವೂ ಸಸ್ಯಮೂಲದ್ದೇ, ಅದಕ್ಕೂ ಹಸಿರು ಚುಕ್ಕೆಯೇ. ಒಲೆಯಲ್ಲಿ ಬೆಂದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಹಿಟ್ಟಿಗೆ ಬೆರೆಸಿ ಅರ್ಧ ಗಂಟೆ ಬೇಯಿಸಿದ ಮೇಲೂ ಸುಮಾರು ಮೂರನೇ ಒಂದು ಭಾಗ ಉಳಿದಿರುತ್ತದೆ.

ಇನ್ನು ಶರೀಅತ್‌ನ ಮಾತು. ಮದ್ಯವನ್ನು ಅಲ್ಲಾಹನು ಸೂರಃ ಅಲ್ ಮಾಇದಃದ 90ನೇ ಆಯತ್‌ನಲ್ಲಿ ನಿಷೇಧಿಸಿದ್ದಾನೆ. ಹೆಚ್ಚು ಕುಡಿದರೆ ಅಮಲೇರಿಸುವಂಥದ್ದು ಸ್ವಲ್ಪವಾದರೂ ನಿಷಿದ್ಧವೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಪ್ರಶ್ನೆ ಇರುವುದು ಕೇಕಿನೊಳಗೆ ಸೇರಿಹೋದ ಹನಿಯ ಬಗ್ಗೆ. ಲೆಕ್ಕ ಹಾಕಿ ನೋಡಿ. ಶೇ. 35ರ ಸಾರದ ಒಂದು ಟೀ ಚಮಚೆಯಲ್ಲಿ, ಅಂದರೆ 5 ಮಿಲಿಲೀಟರ್‌ನಲ್ಲಿ, ಎರಡು ಮಿಲಿಲೀಟರ್‌ಗಿಂತ ಕಡಿಮೆ ಮದ್ಯಸಾರ ಇರುತ್ತದೆ. ಅದು ಒಂದು ಕಿಲೋ ಕೇಕಿಗೆ ಹಂಚಿಹೋಗುತ್ತದೆ. ಆ ಕೇಕನ್ನು ಎಷ್ಟು ತಿಂದರೂ ಹೊಟ್ಟೆ ತುಂಬೀತೇ ಹೊರತು ಅಮಲು ಬರದು. ಚೆನ್ನಾಗಿ ಹಣ್ಣಾದ ಬಾಳೆಹಣ್ಣಿನಲ್ಲೂ ಹುದುಗು ಬರಿಸಿದ ರೊಟ್ಟಿಯಲ್ಲೂ ಇಂಥ ಸೂಕ್ಷ್ಮ ಅಂಶ ತಾನಾಗಿ ಇರುತ್ತದೆ.

ಹಾಗಾಗಿ ಸಮಕಾಲೀನ ಹನಫೀ ವಿದ್ವಾಂಸರಲ್ಲಿ ಹಲವರು ದ್ರಾಕ್ಷಿ, ಖರ್ಜೂರದಿಂದ ಬಂದಿರದ ಮದ್ಯಸಾರವು ಔಷಧಿಯಲ್ಲೋ ಸುವಾಸನೆಯಲ್ಲೋ ಅಲ್ಪ ಪ್ರಮಾಣದಲ್ಲಿ ಬೆರೆತಿದ್ದರೆ ವಿನಾಯಿತಿ ನೀಡಿದ್ದಾರೆ. ಶಾಫಿಈ ಮದ್‌ಹಬ್‌ನಲ್ಲಿ ಅಮಲೇರಿಸುವ ದ್ರವವೆಲ್ಲವೂ ನಜಸ್, ಆದ್ದರಿಂದ ಕರಾವಳಿಯ ನಮ್ಮ ಸಹೋದರರಿಗೆ ಅವರ ಉಲಮಾಗಳು ಕೊಡುವ ಉತ್ತರ ಹೆಚ್ಚು ಬಿಗಿಯಾಗಿರುತ್ತದೆ. ಯಾರು ಯಾರ ಮನೆಯ ಕೇಕನ್ನೂ ಈ ಕಾರಣಕ್ಕೆ ಹರಾಮ್ ಎಂದು ಬೀದಿಯಲ್ಲಿ ನಿಂತು ಹೇಳಬಾರದು ಎಂಬುದು ನಮ್ಮ ವಿನಂತಿ. ನಾವು ಹೇಳಿ ನೋಡಿದ್ದೇವೆ, ಅದರ ಬೆಲೆ ಬೇರೆಯವರು ಕೊಟ್ಟರು.

ಆದರೆ ಮನೆಯಲ್ಲಿ ಎಕ್ಸ್‌ಟ್ರಾಕ್ಟ್ ಮಾಡುವ ವಿಷಯ ಬಂದಾಗ ಮಾತು ಬೇರೆ. ಮೊಬೈಲಿನ ವಿಡಿಯೋಗಳಲ್ಲಿ ವೋಡ್ಕಾ ಬಾಟಲಿಗೆ ವೆನಿಲ್ಲಾ ಕಾಯಿ ಸೀಳಿ ಹಾಕಿ ಆರು ತಿಂಗಳು ಇಡಿ ಎಂದು ತೋರಿಸುತ್ತಾರೆ. ಇಲ್ಲಿ ಬೆರೆತುಹೋದ ಹನಿಯ ಪ್ರಶ್ನೆಯೇ ಇಲ್ಲ. ಮದ್ಯವನ್ನು ಕೊಳ್ಳಬೇಕು, ಹೊತ್ತು ತರಬೇಕು, ಮನೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಮದ್ಯದ ವಿಷಯದಲ್ಲಿ ಕುಡಿಯುವವನನ್ನು ಮಾತ್ರವಲ್ಲದೆ ಕೊಳ್ಳುವವನು, ಮಾರುವವನು, ಹೊರುವವನು ಸೇರಿ ಹತ್ತು ಮಂದಿಯನ್ನು ಪ್ರವಾದಿ(ಸ)ರು ಶಪಿಸಿದ್ದಾರೆಂದು ತಿರ್ಮಿದಿಯಲ್ಲಿದೆ. ಆದ್ದರಿಂದ ಆ ವಿಧಾನ ನಮಗೆ ಸಲ್ಲದು. ಅದೃಷ್ಟವಶಾತ್ ಅದರ ಅಗತ್ಯವೂ ಇಲ್ಲ.

ನೆನೆಸಿ ಸಾರ ತೆಗೆಯುವುದು ನಮಗೆ ಹೊಸತಲ್ಲ. ಪ್ರವಾದಿ(ಸ)ರ ಮನೆಯಲ್ಲಿ ಖರ್ಜೂರವನ್ನೋ ಒಣದ್ರಾಕ್ಷಿಯನ್ನೋ ನೀರಿನಲ್ಲಿ ನೆನೆಸಿ ನಬೀಝ್ ಮಾಡುತ್ತಿದ್ದರು. ಬೆಳಿಗ್ಗೆ ನೆನೆಸಿದ್ದನ್ನು ಸಂಜೆ, ಸಂಜೆ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಮೂರು ದಿನಕ್ಕಿಂತ ಹೆಚ್ಚು ಇಡುತ್ತಿರಲಿಲ್ಲ ಎಂಬುದು ಇಬ್ನು ಅಬ್ಬಾಸ್(ರ)ರ ವರದಿಯಿಂದ ತಿಳಿಯುತ್ತದೆ. ಸಿಹಿನೀರು ಹುಳಿತರೆ ಅದೇ ಮದ್ಯವಾಗುತ್ತದೆ. ವೆನಿಲ್ಲಾವನ್ನು ಬರೀ ನೀರಿನಲ್ಲಿ ನೆನೆಸಿಟ್ಟರೂ ಕೆಲವೇ ದಿನಗಳಲ್ಲಿ ಕೆಡುತ್ತದೆ. ಅಷ್ಟೇ ಅಲ್ಲ, ವೆನಿಲಿನ್ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಹಾಗಾಗಿ ಬೇಕಾದದ್ದು ಗ್ಲಿಸರಿನ್.

ವಿಧಾನ ಹೇಳುವ ಮುನ್ನ ಕಾಯಿಯ ಬಗ್ಗೆ ಎರಡು ಮಾತು, ಏಕೆಂದರೆ ಇದರ ಬೆಲೆ ಕೇಳಿದರೆ ಎಲ್ಲರೂ ಬೆಚ್ಚುತ್ತಾರೆ. ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿ, ಮೂಲ ಮೆಕ್ಸಿಕೊ. ಬೇರೆ ದೇಶಗಳಿಗೆ ಒಯ್ದು ನೆಟ್ಟಾಗ ಹೂ ಬಿಟ್ಟರೂ ಕಾಯಿ ಕಟ್ಟಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ ಸಣ್ಣ ಕಡ್ಡಿಯಿಂದ ಹೂವಿನ ತೆಳು ಪರದೆ ಎತ್ತಿ ಹೆಬ್ಬೆರಳಿನಿಂದ ಪರಾಗ ಒತ್ತಿ ಕಾಯಿ ಕಟ್ಟಿಸಿದ. ಇಂದಿಗೂ ಜಗತ್ತಿನ ತೋಟಗಳಲ್ಲಿ ನಡೆಯುವುದು ಅದೇ ರೀತಿ. ಆ ಹುಡುಗ ದೊಡ್ಡವನಾಗಿ ಬಡತನದಲ್ಲೇ ತೀರಿಕೊಂಡ. ಅಲ್ಲಿಂದ ಬೆಳೆ ಮಡಗಾಸ್ಕರ್‌ಗೂ ನಮ್ಮ ಮುಸ್ಲಿಮ್ ಸಹೋದರರ ಕೊಮೊರೋಸ್ ದ್ವೀಪಗಳಿಗೂ ಹಬ್ಬಿತು.

ನಮ್ಮ ಮಲೆನಾಡಿನವರಿಗೆ ಇದು ದೂರದ ಕಥೆಯಲ್ಲ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರಿ, ಇಲ್ಲಿ ಹಸಿ ಕಾಯಿಗೇ ಕಿಲೋಗೆ ಸಾವಿರಾರು ರೂಪಾಯಿ ಬಂದ ದಿನಗಳನ್ನು ಹಿರಿಯರು ನೆನೆಯುತ್ತಾರೆ. ಬಳ್ಳಿಗೆ ರಾತ್ರಿ ಕಾವಲು ಕೂರಿಸಿದವರಿದ್ದರು. ನಾಲ್ಕೈದು ವರ್ಷದಲ್ಲಿ ಬೆಲೆ ನೆಲಕಚ್ಚಿ ಬಳ್ಳಿ ಕಿತ್ತೆಸೆದವರೂ ಅವರೇ. ಪಕ್ಕದ ಹಳ್ಳಿಯ ಅಡಿಕೆ ತೋಟದ ಹಿರಿಯರೊಬ್ಬರು ಹತ್ತಾರು ಬಳ್ಳಿ ಉಳಿಸಿಕೊಂಡಿದ್ದಾರೆ. ಅವರ ಅಂಗಳದಲ್ಲಿ ಕೂತು ನಾವು ತಿಳಿದುಕೊಂಡದ್ದು ಇಷ್ಟು: ಹೂ ಅರಳುವುದು ಒಂದೇ ದಿನ, ಮಧ್ಯಾಹ್ನದೊಳಗೆ ಪರಾಗ ಮುಟ್ಟಿಸಬೇಕು. ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ಹಸಿ ಕಾಯಿಗೆ ಪರಿಮಳವಿಲ್ಲ, ಹಸಿ ಬೀನ್ಸ್‌ನಂತಿರುತ್ತದೆ. ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲು ನೆರಳಿನಲ್ಲಿ ಒಣಗಿಸಿ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಹದಗೊಳಿಸಿದ ಮೇಲೆ ಅದು ಕಪ್ಪಾಗಿ, ಎಣ್ಣೆ ಸವರಿದಂತಾಗಿ ಘಮಘಮಿಸುತ್ತದೆ. ಐದಾರು ಕಿಲೋ ಹಸಿ ಕಾಯಿಗೆ ಒಂದು ಕಿಲೋ ಒಣ ಕಾಯಿ. ಬೆಲೆ ಚೌಕಾಸಿ ಮಾಡುವಾಗ ಇದನ್ನು ನೆನಪಿಡಿ.

ಈಗ ವಿಧಾನ. 200 ಮಿಲಿಲೀಟರ್ ಸಾರಕ್ಕೆ 20 ಗ್ರಾಂ ಹದಗೊಳಿಸಿದ ಕಾಯಿ ಬೇಕು, ಅಂದರೆ ಗಾತ್ರ ನೋಡಿ ಆರೇಳು. ಕಾಯಿ ಬೆರಳಿಗೆ ಸುತ್ತಿದರೆ ಬಾಗಬೇಕು. ಕಡ್ಡಿಯಂತೆ ಮುರಿದರೆ ಹಳೆಯದು, ಬೂಷ್ಟು ವಾಸನೆ ಬಂದರೆ ಬೇಡ. 150 ಮಿಲಿಲೀಟರ್ ಗ್ಲಿಸರಿನ್, 50 ಮಿಲಿಲೀಟರ್ ಕುದಿಸಿ ಆರಿಸಿದ ನೀರು. ಗ್ಲಿಸರಿನ್ ಕೊಳ್ಳುವಾಗ ಜಾಗ್ರತೆ. ಔಷಧಿ ಅಂಗಡಿಯಲ್ಲಿ ಚರ್ಮಕ್ಕೆ ಹಚ್ಚಲು ಕೊಡುವುದು ಬೇಡ. ತಿನ್ನಲು ಯೋಗ್ಯವೆಂದು, ಸಸ್ಯಮೂಲದ್ದೆಂದು ಬರೆದಿರುವುದೇ ಆಗಬೇಕು. ಗ್ಲಿಸರಿನ್ ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ. ಪೊಟ್ಟಣಗಳ ಮೇಲೆ ಅದಕ್ಕೆ ಬರೆಯುವ 422 ಎಂಬ ಸಂಖ್ಯೆ ಮೂಲ ಯಾವುದೆಂದು ಹೇಳುವುದಿಲ್ಲ. ಇಲ್ಲಿ ಮಾತ್ರ ಹಸಿರು ಚುಕ್ಕೆ ನಮ್ಮ ನೆರವಿಗೆ ಬರುತ್ತದೆ.

ಗಾಜಿನ ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಯಿಗಳನ್ನು ಉದ್ದಕ್ಕೆ ಸೀಳಿ, ಒಂದಿಂಚಿನ ತುಂಡು ಮಾಡಿ ಹಾಕಿ. ಒಳಗಿನ ಕಪ್ಪು ಬೀಜ ಕೆರೆದು ಅದನ್ನೂ ಹಾಕಿ. ಗ್ಲಿಸರಿನ್ ಮತ್ತು ನೀರನ್ನು ಬೆರೆಸಿ, ಬೆರಳು ತಾಳುವಷ್ಟು ಬೆಚ್ಚಗೆ ಮಾಡಿ ಸುರಿಯಿರಿ. ಕಾಯಿ ಪೂರ್ತಿ ಮುಳುಗಿರಬೇಕು, ಮೇಲೆ ತೇಲುವ ತುಂಡಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿದು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಒಂದೆರಡು ಗಂಟೆ ಇಟ್ಟರೆ ಸಾರ ಬೇಗ ಇಳಿಯುತ್ತದೆ. ನೀರು ಕುದಿಯಬಾರದು. ನಂತರ ಕತ್ತಲೆಯ ಕಪಾಟಿನಲ್ಲಿಟ್ಟು ವಾರಕ್ಕೊಮ್ಮೆ ಅಲುಗಾಡಿಸಿ. ಜುಮಾ ದಿನವೆಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಮೂರು ತಿಂಗಳಿಗೆ ಬಳಸಬಹುದು, ಆರು ತಿಂಗಳಿಗೆ ಚೆನ್ನಾಗಿರುತ್ತದೆ. ನೀರನ್ನು ಹೇಳಿದ್ದಕ್ಕಿಂತ ಹೆಚ್ಚು ಸೇರಿಸಬೇಡಿ. ಗ್ಲಿಸರಿನ್ ತೆಳುವಾದರೆ ಹುಳಿಯುವ ಭಯವಿದೆ, ಹುಳಿತರೆ ಮೊದಲ ಪ್ರಶ್ನೆಗೇ ಹಿಂದಿರುಗಿದಂತೆ. ನೊರೆ ಬಂದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಮದ್ಯಸಾರದ ಸಾರದಷ್ಟು ಇದು ತೀಕ್ಷ್ಣವಲ್ಲ, ಒಪ್ಪಿಕೊಳ್ಳಬೇಕು. ಒಂದು ಚಮಚೆ ಎಂದಿರುವಲ್ಲಿ ಒಂದೂವರೆ ಹಾಕಿ. ಗ್ಲಿಸರಿನ್ ಸಿಹಿಯಾದ್ದರಿಂದ ಸಕ್ಕರೆ ಚೂರು ಕಡಿಮೆ ಮಾಡಬಹುದು.

ಇಷ್ಟು ಕಾಯಲಾರದವರಿಗೆ ಸುಲಭದ ದಾರಿ ಇದೆ. ಅರ್ಧ ಕಿಲೋ ಸಕ್ಕರೆಯ ಡಬ್ಬಿಯಲ್ಲಿ ಸೀಳಿದ ಎರಡು ಕಾಯಿ ಹೂತಿಟ್ಟರೆ ಎರಡು ವಾರದಲ್ಲಿ ಸಕ್ಕರೆಯೆಲ್ಲ ಪರಿಮಳ. ಫಿರ್ನಿಗೂ ಶೀರ್ ಖುರ್ಮಾಕ್ಕೂ ಹಾಲು ಕಾಯಿಸುವಾಗಲೇ ಒಂದು ಸೀಳಿದ ಕಾಯಿ ಹಾಕಿ ಕಾಲು ಗಂಟೆ ಬಿಟ್ಟು ತೆಗೆದರೆ ಸಾಕು, ಹಾಲಿನ ಕೊಬ್ಬು ಪರಿಮಳವನ್ನು ಎಳೆದುಕೊಳ್ಳುತ್ತದೆ. ತೆಗೆದ ಕಾಯಿಯನ್ನು ತೊಳೆದು ಒಣಗಿಸಿ ಸಕ್ಕರೆ ಡಬ್ಬಿಗೆ ಹಾಕಿ.

ನಮ್ಮ ಸಹೋದರಿಗೆ ಆ ಹಿರಿಯರ ತೋಟದಿಂದ ಕಾಲು ಕಿಲೋ ಕಾಯಿ ಕೊಡಿಸಿದ್ದೇವೆ. ಹಣ ಈದ್ ನಂತರ ಕೊಟ್ಟರಾಯಿತು ಎಂದು ಅವರು ಹೇಳಿದ್ದಾರೆ. ಈಗ ಮಾರಾಟದ ಕೇಕಿಗೆ ಆಕೆ ಬಳಸುತ್ತಿರುವುದು ಅದೇ ಹಳೆಯ ಬಾಟಲಿಯ ಎಸೆನ್ಸ್, ಅದರಲ್ಲಿ ತಪ್ಪೇನೂ ಇಲ್ಲ. ಹೊಸ ಸಾರದ ಎರಡು ಬಾಟಲಿ ಶಅಬಾನ್ ಮೊದಲ ವಾರದಲ್ಲಿ ಮುಚ್ಚಳ ಬಿಗಿದು ಕಪಾಟು ಸೇರಿವೆ. ಬಕ್ರೀದ್ ಹೊತ್ತಿಗೆ ತೆರೆಯಬಹುದು.