ಸಾಫ್ಟ್‌ವೇರ್ ಬಳಗದ ಮಾತುಕತೆಗೆ ಯಾವ ವೇದಿಕೆ? ತಪ್ಪು ಕಲ್ಪನೆ ಮತ್ತು ಸತ್ಯ

ಫೈರ್‌ಫಾಕ್ಸ್, ಕೆಡಿಇ, ಗ್ನೋಮ್‌ನಂಥ ಮುಕ್ತ ತಂತ್ರಾಂಶಗಳ ಕನ್ನಡ ಅನುವಾದ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ವಚನ ಸಂಚಯದಂಥ ಜಾಲತಾಣ ಇವೆಲ್ಲ ಸ್ವಯಂಸೇವಕರ ಬಳಗಗಳಿಂದ ಬೆಳೆದಿವೆ. ಇಂಥ ಬಳಗದಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದರೆ ಇನ್ನೊಬ್ಬರು ಹೂವಿನಹಡಗಲಿಯಲ್ಲೋ ಕೊಟ್ಟೂರಿನಲ್ಲೋ ಇರಬಹುದು, ಮತ್ತೊಬ್ಬರು ಹೊರದೇಶದಲ್ಲಿರಬಹುದು. ಅವರೆಲ್ಲ ಕೂಡಿ ಮಾತಾಡುವ ಜಾಗ ಖಾಸಗಿತನವನ್ನು ಕಾಯಬೇಕು, ದಿನನಿತ್ಯದ ಬಳಕೆಗೂ ಒದಗಬೇಕು. ಇದರ ಆಯ್ಕೆಯ ಸುತ್ತ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ವಾಟ್ಸ್‌ಆ್ಯಪ್‌ನಲ್ಲಿ ಎನ್‌ಕ್ರಿಪ್ಷನ್ ಇದೆ, ಹಾಗಾಗಿ ಗ್ರೂಪ್ ಪೂರ್ತಿ ಖಾಸಗಿ.

ಸತ್ಯ: ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಿಂದ ಎಲ್ಲ ಸಂದೇಶಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಒದಗಿಸಿದೆ. ಸಂದೇಶದಲ್ಲಿ ಏನಿದೆ ಎಂಬುದು ಕಂಪನಿಗೆ ಕಾಣುವುದಿಲ್ಲ. ಆದರೆ ಯಾರು ಯಾರೊಂದಿಗೆ, ಯಾವಾಗ ಮಾತಾಡಿದರು ಎಂಬ ವಿವರ ಆ ರಕ್ಷಣೆಯೊಳಗೆ ಬರುವುದಿಲ್ಲ. ಬಳಗಕ್ಕೆ ಹೆಚ್ಚು ತೊಡಕಾಗುವುದು ಫೋನ್ ನಂಬರ್. ಸಾಮಾನ್ಯ ಗ್ರೂಪಿನಲ್ಲಿ ಅದು ಅಪರಿಚಿತರಿಗೂ ಕಾಣುತ್ತದೆ. ಅನುವಾದಕ್ಕೆ ಕೈಜೋಡಿಸಲು ಬಂದ ಕಾಲೇಜು ವಿದ್ಯಾರ್ಥಿನಿ ತನ್ನ ನಂಬರನ್ನು ನೂರಾರು ಜನರ ಮುಂದಿಡಬೇಕಾದರೆ ಅವಳು ಹಿಂದೆ ಸರಿಯುವುದು ಸಹಜ.

ತಪ್ಪು ಕಲ್ಪನೆ 2: ಟೆಲಿಗ್ರಾಂ ಎಲ್ಲಕ್ಕಿಂತ ಗುಟ್ಟಿನ ವೇದಿಕೆ.

ಸತ್ಯ: 2013ರಲ್ಲಿ ಶುರುವಾದ ಟೆಲಿಗ್ರಾಂನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವುದು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ನ ಸಂದೇಶಗಳಿಗೆ ಮಾತ್ರ. ಗ್ರೂಪಿನ ಸಂದೇಶಗಳು ಕಂಪನಿಯ ಸರ್ವರಿನಲ್ಲಿ ಉಳಿಯುತ್ತವೆ, ಅವನ್ನು ತೆರೆಯುವ ಕೀಲಿಯೂ ಕಂಪನಿಯ ಬಳಿಯೇ ಇರುತ್ತದೆ. ಆದರೂ ಬಹಿರಂಗ ಚರ್ಚೆಗೆ ಇದು ಅನುಕೂಲಕರ. ನಂಬರ್ ಮರೆಮಾಡಿ ಬಳಕೆದಾರ ಹೆಸರಿನಿಂದಷ್ಟೇ ಕಾಣಿಸಿಕೊಳ್ಳಬಹುದು, ಗ್ರೂಪಿನಲ್ಲಿ 2 ಲಕ್ಷ ಸದಸ್ಯರವರೆಗೆ ಇರಬಹುದು, ಹೊಸಬರಿಗೆ ಹಳೆಯ ಚರ್ಚೆಯನ್ನೂ ತೋರಿಸಬಹುದು. ಗುಟ್ಟಿನ ಸಂಗತಿಗೆ ಮಾತ್ರ ಇದು ಜಾಗವಲ್ಲ.

ತಪ್ಪು ಕಲ್ಪನೆ 3: ಬಳಗದ ಎಲ್ಲ ಮಾತೂ ಗುಟ್ಟಾಗಿರಬೇಕು.

ಸತ್ಯ: ‘ಡೌನ್‌ಲೋಡ್’ಗೆ ಯಾವ ಕನ್ನಡ ಪದ ಒಪ್ಪುತ್ತದೆ, ಒತ್ತಕ್ಷರ ಪರದೆಯ ಮೇಲೆ ಏಕೆ ಮುರಿಯುತ್ತದೆ ಎಂಬ ಚರ್ಚೆ ಬಹಿರಂಗವಾಗಿ ಇದ್ದಷ್ಟೂ ಒಳ್ಳೆಯದು. ಮುಂದೆ ಬರುವವರು ಅದನ್ನು ಹುಡುಕಿ ಓದುತ್ತಾರೆ. ಯಾರು ಬೇಕಾದರೂ ಸೇರಬಹುದಾದ ಗ್ರೂಪಿಗೆ ಎನ್‌ಕ್ರಿಪ್ಷನ್ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ. ಕಾಪಾಡಬೇಕಾದದ್ದು ಇನ್ನೂ ಸರಿಪಡಿಸದ ಭದ್ರತಾ ದೋಷ, ಸದಸ್ಯರ ದೂರು ಮತ್ತು ವೈಯಕ್ತಿಕ ವಿವರ. ಇವನ್ನು ನೋಡಿಕೊಳ್ಳುವ ನಾಲ್ಕಾರು ಜನರಿಗೆ ಸಿಗ್ನಲ್ ಆ್ಯಪ್ ಸಾಕು. ಖಾತೆ ತೆರೆಯಲು ಅದಕ್ಕೆ ಫೋನ್ ನಂಬರ್ ಬೇಕು. ಆದರೆ 2024ರ ಫೆಬ್ರವರಿಯಲ್ಲಿ ಬಳಕೆದಾರ ಹೆಸರಿನ ಸೌಲಭ್ಯ ಬಂದ ಮೇಲೆ ನಂಬರನ್ನು ಇತರರಿಗೆ ತೋರಿಸದೆಯೇ ಮಾತಾಡಬಹುದು.

ತಪ್ಪು ಕಲ್ಪನೆ 4: ಮುಕ್ತ ತಂತ್ರಾಂಶವಾದರೆ ಖಾಸಗಿತನ ತಾನಾಗಿ ಬರುತ್ತದೆ.

ಸತ್ಯ: ಮ್ಯಾಟ್ರಿಕ್ಸ್ 2014ರಲ್ಲಿ ಆರಂಭವಾದ ಮುಕ್ತ ವ್ಯವಸ್ಥೆ. ಬೇರೆ ಬೇರೆ ಸರ್ವರುಗಳಲ್ಲಿರುವವರು ಇದರಲ್ಲಿ ಒಂದೇ ಕೋಣೆಯಲ್ಲಿ ಮಾತಾಡಬಹುದು. ಕೆಡಿಇ 2019ರಲ್ಲಿ ಇದನ್ನು ಅಳವಡಿಸಿಕೊಂಡಿತು. ಮೊಜಿಲ್ಲಾ 2020ರಲ್ಲಿ ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯ ತನ್ನ ಸರ್ವರ್ ಮುಚ್ಚಿ ಇಲ್ಲಿಗೆ ಬಂದಿತು. ಇಲ್ಲಿ ಸಂದೇಶದ ಪ್ರತಿ ಕೋಣೆಯಲ್ಲಿ ಪಾಲ್ಗೊಂಡ ಪ್ರತಿ ಸರ್ವರಿಗೂ ಹೋಗುತ್ತದೆ. ಅಳಿಸಿದ್ದು ಎಲ್ಲ ಕಡೆ ಅಳಿಯಿತೆಂದು ಖಾತರಿ ಕೊಡಲಾಗದು. ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬುದು ಸರ್ವರ್ ನಡೆಸುವವರಿಗೆ ತಿಳಿಯುತ್ತದೆ. ಟೆಲಿಗ್ರಾಂ ಗ್ರೂಪನ್ನು ಇದಕ್ಕೆ ಬೆಸೆಯುವ ಸೇತುವೆ ಹಾಕಿದರೆ, ಆ ಸೇತುವೆ ನಡೆಸುವವರೂ ಸಂದೇಶ ಓದಬಲ್ಲರು.

ತಪ್ಪು ಕಲ್ಪನೆ 5: ಸ್ವಂತ ಸರ್ವರ್ ಇಟ್ಟುಕೊಂಡರೆ ಚಿಂತೆಯಿಲ್ಲ.

ಸತ್ಯ: ಸರ್ವರ್ ಎಂದರೆ ತಿಂಗಳ ಖರ್ಚು, ಅಪ್‌ಡೇಟ್, ಬ್ಯಾಕಪ್, ಕಾವಲು. 2019ರ ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ಸ್‌ನ ಮುಖ್ಯ ಸರ್ವರಿಗೇ ಹ್ಯಾಕರ್ ನುಗ್ಗಿದ್ದ. ಅಪ್‌ಡೇಟ್ ಆಗದೆ ಉಳಿದಿದ್ದ ಒಂದು ತಂತ್ರಾಂಶದ ದೋಷ ಅದಕ್ಕೆ ದಾರಿಯಾಗಿತ್ತು. ಪೂರ್ಣಾವಧಿ ಎಂಜಿನಿಯರುಗಳಿದ್ದ ಕಡೆಯೇ ಹೀಗಾದರೆ, ಬಿಡುವಿನಲ್ಲಿ ದುಡಿಯುವ ಒಬ್ಬ ಸ್ವಯಂಸೇವಕನ ಮೇಲೆ ಎಲ್ಲ ಹೊರಿಸುವುದು ಸರಿಯಲ್ಲ. ನಿಯಂತ್ರಣ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ವಿವಾದದಿಂದ ಅದರ ಸ್ವಯಂಸೇವಕರು ಹೊರನಡೆದು ಲಿಬೆರಾ ಚಾಟ್ ಕಟ್ಟಿದರು; ವಿಕಿಮೀಡಿಯ ಮತ್ತು ಉಬುಂಟು ಬಳಗಗಳು ಅಲ್ಲಿಗೆ ಸಾಗಿದವು. ಡೊಮೈನ್ ಹೆಸರು ಮತ್ತು ಅಡ್ಮಿನ್ ಅಧಿಕಾರ ಕನಿಷ್ಠ ಇಬ್ಬರು ಮೂವರಲ್ಲಿ ಹಂಚಿರಬೇಕು.

ತಪ್ಪು ಕಲ್ಪನೆ 6: ಒಮ್ಮೆ ಆರಿಸಿದರೆ ಸಾಕು, ವೇದಿಕೆ ಎಂದೂ ಕೈಬಿಡದು.

ಸತ್ಯ: 2022ರ ಸೆಪ್ಟೆಂಬರ್‌ನಿಂದ ಸ್ಲ್ಯಾಕ್ ಎಂಬ ಚಾಟ್ ವೇದಿಕೆಯ ಉಚಿತ ಯೋಜನೆಯಲ್ಲಿ ಕಳೆದ 90 ದಿನಗಳ ಸಂದೇಶ ಮಾತ್ರ ಕಾಣುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ನಿರ್ಬಂಧಿಸಿತು. ಮ್ಯಾಟ್ರಿಕ್ಸ್ ಬಳಸಲು ಹೆಚ್ಚು ಪರಿಚಿತವಾದ ಎಲಿಮೆಂಟ್ ಕೂಡ ಆ ಪಟ್ಟಿಯಲ್ಲಿತ್ತು. ಆದ್ದರಿಂದ ತೀರ್ಮಾನಗಳು ಚಾಟ್‌ನಲ್ಲೇ ಹುದುಗಿ ಉಳಿಯಬಾರದು. ಅನುವಾದದ ನಿರ್ಧಾರ ಮೊಜಿಲ್ಲಾದ ಪೊಂಟೂನ್ ಅಥವಾ ಟ್ರಾನ್ಸ್‌ಲೇಟ್‌ವಿಕಿಯಂಥ ಕೆಲಸದ ಜಾಗದಲ್ಲೇ ದಾಖಲಾಗಬೇಕು.

ಎಷ್ಟೇ ಭದ್ರವಾದ ವೇದಿಕೆಯಾದರೂ ಸದಸ್ಯರು ತೆರೆಯದಿದ್ದರೆ ವ್ಯರ್ಥ. ಕೂಡ್ಲಿಗಿ ಅಥವಾ ಹರಪನಹಳ್ಳಿಯಲ್ಲಿ ಮೊಬೈಲ್ ಒಂದನ್ನೇ ನೆಚ್ಚಿದವರಿಗೂ ಅದು ಸಲೀಸಾಗಿ ನಡೆಯಬೇಕು, ಕನ್ನಡ ಅಕ್ಷರಗಳನ್ನು ಸರಿಯಾಗಿ ತೋರಿಸಬೇಕು. ಯಾವುದು ಬಹಿರಂಗ, ಯಾವುದು ಗುಟ್ಟು ಎಂದು ಬಳಗ ಮೊದಲು ಕೂತು ನಿರ್ಧರಿಸಲಿ, ಆ್ಯಪ್‌ನ ಹೆಸರು ಆಮೇಲೆ ಬರಲಿ. ಚರ್ಚೆಗೆ ಫೋನ್ ನಂಬರ್ ತೋರಿಸದ ತೆರೆದ ವೇದಿಕೆ, ಸೂಕ್ಷ್ಮ ವಿಷಯಕ್ಕೆ ಸಣ್ಣ ಸಿಗ್ನಲ್ ಗ್ರೂಪ್, ತೀರ್ಮಾನಗಳಿಗೆ ಬೇರೆ ದಾಖಲೆ: ಸ್ವಯಂಸೇವಕರ ಬಹುತೇಕ ಬಳಗಗಳಿಗೆ ಈ ಏರ್ಪಾಡು ಸಾಕು.