ಹಳೆ ವಾಕ್‌ಮನ್ ಸಿಕ್ಕಿತೇ? ಪ್ಲೇ ಒತ್ತುವ ಮುನ್ನ...

ಅಟ್ಟ ಗುಡಿಸುವಾಗ ಹಳೆಯ ವಾಕ್‌ಮನ್ ಸಿಕ್ಕಿತಾ? ಜೊತೆಗೆ ಮಗುವಿನ ತೊದಲು ಮಾತೋ, ಅಜ್ಜಿಯ ಹಾಡೋ ತುಂಬಿಸಿಟ್ಟ ಕ್ಯಾಸೆಟ್ಟೂ ಇದೆಯಾ? ಸ್ವಲ್ಪ ತಡೀರಿ. ಆತುರದಲ್ಲಿ ಸೆಲ್ ಹಾಕಿ ಪ್ಲೇ ಒತ್ತಬೇಡಿ.

ನಾನು ಹಾಗೆ ಒತ್ತಿಯೇ ಕೆಟ್ಟೆ. 1994ರಲ್ಲಿ ತಂಗಿಯ ಮದುವೆಯಲ್ಲಿ ಅಮ್ಮ ಹೇಳಿದ್ದ ಹಸೆ ಹಾಡು ಅದು. ಎರಡು ಸಾಲು ಕೇಳಿಸಿತು, ದನಿ ಗೊಗ್ಗರಾಯಿತು, ಆಮೇಲೆ ನಿಂತೇ ಹೋಯಿತು. ಮುಚ್ಚಳ ತೆಗೆದರೆ ಟೇಪು ಶಾವಿಗೆ ಥರ ರೋಲರಿಗೆ ಸುತ್ತಿಕೊಂಡಿತ್ತು! ಪೆನ್ಸಿಲ್ ತೂರಿಸಿ ಮೆಲ್ಲಗೆ ಒಳಗೆ ಸುತ್ತಿದರೂ ಒಂದು ಗೇಣು ಸುಕ್ಕಾಗಿ ಹಾಳಾಯಿತು. ಟೇಪು ಓಡುವುದು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ. ಹಾಗಾಗಿ ಹೋಗಿದ್ದು ನಾಲ್ಕೈದು ಸೆಕೆಂಡಿನ ಹಾಡು. ಮತ್ತೆ ಹೇಳಿಸೋಣವೆಂದರೆ ಅಮ್ಮ ಇಲ್ಲ.

ತಪ್ಪು ಕ್ಯಾಸೆಟ್ಟಿನದಲ್ಲ, ಕೊಳೆಯದು. ಟೇಪಿನ ಮೇಲಿರುವುದು ಕಬ್ಬಿಣದ ಆಕ್ಸೈಡಿನ ಕಂದು ಪುಡಿ. ಓಡುತ್ತಾ ಓಡುತ್ತಾ ಅದು ಉದುರಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಹೆಡ್ಡಿನ ಮೇಲೆ ಕೂತರೆ ದನಿ ಮಂಕು, ರೋಲರಿಗೆ ಅಂಟಿದರೆ ಟೇಪು ಗುಳುಂ!

ಮೊದಲು ಸೆಲ್ ತೆಗೆಯಿರಿ. ಕ್ಯಾಸೆಟ್ ಇಲ್ಲದೆ, ಮುಚ್ಚಳ ತೆರೆದು ಪ್ಲೇ ಒತ್ತಿದರೆ ಹೊಳೆಯುವ ಹೆಡ್ಡು, ತೆಳ್ಳನೆಯ ಲೋಹದ ಕಡ್ಡಿ, ಅದಕ್ಕೊತ್ತಿಕೊಳ್ಳುವ ಪುಟ್ಟ ರಬ್ಬರ್ ರೋಲರ್ ಕಾಣುತ್ತವೆ. ಕಿವಿ ಬಡ್ಸ್‌ನ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಹಿಂಡಿ, ಹೆಡ್ಡು ಮತ್ತು ಕಡ್ಡಿಯನ್ನು ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಬಡ್ಸ್ ಬದಲಿಸುತ್ತಿರಿ. ರಬ್ಬರಿಗೆ ಮಾತ್ರ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರು ಸಾಕು. ಆಮೇಲೆ ಬರೀ ನೀರಿನ ಹತ್ತಿಯಿಂದ ಒರೆಸಿ. ಕಾಲು ಗಂಟೆ ಆರಲಿ.

ಕೊರೊನಾ ಕಾಲದ ಸ್ಯಾನಿಟೈಸರ್ ಮಿಕ್ಕಿದೆಯಲ್ಲ ಅನ್ನಬೇಡಿ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ನೇಲ್ ಪಾಲಿಷ್ ತೆಗೆಯುವ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸೀತು. ನಮ್ಮ ಮನೆಯವರಂತೂ ಹೊಲಿಗೆ ಮೆಷಿನ್ನಿನ ಎಣ್ಣೆ ಹಿಡಿದು ಬಂದಿದ್ದರು. ಎಣ್ಣೆ ಬಿದ್ದರೆ ಬೆಲ್ಟು, ರೋಲರ್ ಎರಡೂ ಜಾರುತ್ತವೆ.

ಒಳಗೆ ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಬಡ್ಸಿಗೆ ವಿನೆಗರ್ ಸೋಕಿಸಿ ಉಜ್ಜಿ, ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ. ಮೋಟರ್ ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ ಅಂದರೆ ಬಹುಶಃ ಬೆಲ್ಟ್ ಸಡಿಲವಾಗಿದೆ. ಅದು ರಿಪೇರಿಯವರ ಕೆಲಸ. ಸೋನಿ ಕಂಪನಿಯೇ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ನಿಲ್ಲಿಸಿದ್ದು 2010ರಲ್ಲಿ. ಬಿಡಿಭಾಗ ಬೇಕೆಂದರೆ ಸ್ವಲ್ಪ ಅಲೆಯಬೇಕು.

ಇಷ್ಟಾದ ಮೇಲೆ ಹೋದರೆ ಹೋಗಲಿ ಅನ್ನುವಂಥ ಕ್ಯಾಸೆಟ್ ಒಂದನ್ನು ಹಾಕಿ ಎರಡೂ ಕಡೆ ಓಡಿಸಿ ನೋಡಿ. ಅದು ಸಲೀಸಾಗಿ ಓಡಿದರೆ ನಿಮ್ಮ ಅಮೂಲ್ಯ ಕ್ಯಾಸೆಟ್ಟಿನ ಸರದಿ. ಅದರ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗದು. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಮಾತ್ರ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ.

ಮೊದಲ ಸಲ ಕೇಳುವಾಗಲೇ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು ಪ್ರತಿ ಮಾಡಿಕೊಳ್ಳಿ. ಅಮ್ಮನ ಹಾಡು ಈಗ ತಂಗಿಯ ಮೊಬೈಲಿನಲ್ಲೂ ಇದೆ, ಆ ನಾಲ್ಕೈದು ಸೆಕೆಂಡು ಬಿಟ್ಟು. ವಾಕ್‌ಮನ್ ಎತ್ತಿಡುವಾಗ ಸೆಲ್ ತೆಗೆಯುವುದನ್ನು ಮರೀಬೇಡಿ.