ವಿಳಾಸ ಯಾರ ಆಸ್ತಿ?

ರಾಮದುರ್ಗದಲ್ಲೋ ಬೈಲಹೊಂಗಲದಲ್ಲೋ ಕೇಬಲ್ ಆಪರೇಟರ್ ಒಬ್ಬರು ಪರವಾನಗಿ ಪಡೆದು, ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡಲು ಇಂದು ಹೊಸದಾಗಿ ಅರ್ಜಿ ಹಾಕಿದರೆ, ಹಳೆಯ ಐಪಿವಿ4 ವ್ಯವಸ್ಥೆಯಲ್ಲಿ ಅವರಿಗೆ ಸಿಗುವ ಇಂಟರ್ನೆಟ್ ವಿಳಾಸಗಳು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಗಳು) ಹೆಚ್ಚೆಂದರೆ 512. ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಏಪಿನಿಕ್ 2019ರಲ್ಲಿ ಹಾಕಿದ ಮಿತಿಯಿದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಇಂಟರ್ನೆಟ್ಟಿನ ಆರಂಭದ ವರ್ಷಗಳಲ್ಲಿ ಸಿಕ್ಕಿದ್ದು ಸುಮಾರು 1.68 ಕೋಟಿ! ಇಡೀ ಜಗತ್ತಿಗೆ ಇದ್ದದ್ದೇ ಸುಮಾರು 430 ಕೋಟಿ. ಕೇಂದ್ರ ಸಂಗ್ರಹದ ಕೊನೆಯ ಕಂತು 2011ರ ಫೆಬ್ರುವರಿ 3ರಂದು ಹಂಚಿಹೋಯಿತು. ಸವದತ್ತಿಯ ನವಿಲುತೀರ್ಥದಿಂದ ಹರಿಯುವ ಮಲಪ್ರಭೆ ಕಾಲುವೆಯ ಕೊನೆಯಂಚಿನಲ್ಲಿ ಹೊಲವಿರುವವರಿಗೆ, ಮೊದಲಿನವರಿಗೆ ಧಾರಾಳ, ಕೊನೆಯವರಿಗೆ ಅಳಿದುಳಿದದ್ದು ಎಂಬ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಳಾಸ ಹಂಚಿಕೆಯ ತತ್ವಗಳು ಮಾತ್ರ ನ್ಯಾಯವಾಗಿಯೇ ಇವೆ. ಅಗತ್ಯ ತೋರಿಸಿದವರಿಗೆ ಅಗತ್ಯವಿದ್ದಷ್ಟೇ ಕೊಡಬೇಕು, ದತ್ತಾಂಶಕ್ಕೆ ದಾರಿ ತೋರುವ ರೂಟರ್‌ಗಳಿಗೆ ಹೊರೆಯಾಗದಂತೆ ಒಟ್ಟೊಟ್ಟಾಗಿ ಕೊಡಬೇಕು, ಯಾವುದು ಯಾರ ಬಳಿಯಿದೆ ಎಂಬ ದಾಖಲೆ ಎಲ್ಲರಿಗೂ ಕಾಣಬೇಕು ಎಂದು 1996ರಲ್ಲೇ ಬರೆದಿಡಲಾಯಿತು. ಅಂದರೆ ವಿಳಾಸ ಬಳಕೆಗೆ ಕೊಟ್ಟದ್ದು, ಆಸ್ತಿಯಾಗಿ ಬರೆದುಕೊಟ್ಟದ್ದಲ್ಲ. ಆದರೆ ಅಭಾವ ಬಂದೊಡನೆ ಮಾರುಕಟ್ಟೆ ಹುಟ್ಟಿತು. ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು 2011ರಲ್ಲಿ ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡಿತು. 2017ರಲ್ಲಿ ಎಂಐಟಿಯೂ ತನ್ನ ಪಾಲಿನ ದೊಡ್ಡ ಭಾಗವನ್ನು ಮಾರಿತು. ಸುಮ್ಮನೆ ಬಿದ್ದಿದ್ದ ವಿಳಾಸಗಳು ಮಾರಾಟದಿಂದಲೇ ಬಳಕೆಗೆ ಬಂದವು ಎನ್ನುವವರ ಮಾತು ಸುಳ್ಳಲ್ಲ. ಆದರೆ ಬೆಲೆಯಿಲ್ಲದೆ ಪಡೆದವರು ಲಾಭ ಮಾಡಿಕೊಂಡರು, ತಡವಾಗಿ ಬಂದ ಊರುಗಳು ದುಡ್ಡು ತೆರಬೇಕಾಯಿತು. ಇದನ್ನು ದಕ್ಷತೆ ಎಂದಷ್ಟೇ ಕರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದೇ ವಿಳಾಸವನ್ನು ನೂರಾರು ಮನೆಗಳು ಹಂಚಿಕೊಳ್ಳಬಹುದಲ್ಲ ಎಂಬ ಆಕ್ಷೇಪವೂ ಇದೆ. ವಿಡಿಯೊ ನೋಡಲು ಅದು ಸಾಕು. ಆದರೆ ಬೈಲಹೊಂಗಲದ ಹತ್ತಿ ವ್ಯಾಪಾರಿ ತನ್ನ ಗೋದಾಮಿನ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ನಡುವೆ ಇನ್ನಾರದೋ ಸರ್ವರ್ ಬೇಕಾಗುತ್ತದೆ. ಒಬ್ಬನ ತಪ್ಪಿಗೆ ಯಾವುದೋ ಜಾಲತಾಣ ಆ ವಿಳಾಸವನ್ನು ತಡೆದರೆ ಇಡೀ ಓಣಿಗೇ ಬಾಗಿಲು ಮುಚ್ಚುತ್ತದೆ. ಸೈಬರ್ ಅಪರಾಧದ ತನಿಖೆಯಲ್ಲಿ ವಿಳಾಸವೊಂದೇ ಸಾಲದೆ, ಆ ಸಂಪರ್ಕವನ್ನು ಗುರುತಿಸುವ ಪೋರ್ಟ್ ಸಂಖ್ಯೆ ಮತ್ತು ನಿಖರ ಸಮಯವೂ ಕೈಯಲ್ಲಿರಬೇಕು. ಇಲ್ಲವಾದರೆ ಅಮಾಯಕರ ಮೇಲೆ ಅನುಮಾನ ಬರುತ್ತದೆ.

ದಾರಿ ಇರುವುದು ಹೊಸ ವಿಳಾಸ ವ್ಯವಸ್ಥೆಯಾದ ಐಪಿವಿ6ನಲ್ಲಿ. ಅದರ ವಿಳಾಸಗಳ ಲೆಕ್ಕ 39 ಅಂಕಿಗಳಷ್ಟು ಉದ್ದ. 2016ರಲ್ಲಿ ಜಿಯೊ ಬಂದ ಮೇಲೆ ನಮ್ಮ ಮೊಬೈಲುಗಳು ವೇಗವಾಗಿ ಅತ್ತ ಸಾಗಿವೆ. ಇಷ್ಟು ಸಮೃದ್ಧಿಯಿದ್ದರೆ ಹಂಚಿಕೆಯ ನಿಯಮವೇಕೆ ಎನ್ನಬಹುದು. ಆದರೆ 430 ಕೋಟಿಯೂ ಒಂದು ಕಾಲಕ್ಕೆ ಸಾಕೆನಿಸಿತ್ತು. ವಿಳಾಸ ಎಷ್ಟಿದ್ದರೂ ರೂಟರ್‌ಗಳ ನೆನಪಿಗೆ ಮಿತಿಯಿದೆ. ದಾಖಲೆ ತಪ್ಪಿದರೆ ಒಬ್ಬರ ವಿಳಾಸ ಇನ್ನೊಬ್ಬರ ಪಾಲಾಗುತ್ತದೆ. ದೂರಸಂಪರ್ಕ ಇಲಾಖೆ ಐಪಿವಿ6 ಮಾರ್ಗಸೂಚಿಯನ್ನು ಹೊರಡಿಸಿದ್ದು 2010ರಲ್ಲೇ. ಇನ್ನಾದರೂ ಕಿತ್ತೂರಿನ ತಾಲ್ಲೂಕು ಕಚೇರಿಗೋ ಸವದತ್ತಿ ತಾಲ್ಲೂಕಿನ ಗ್ರಾಮ ಪಂಚಾಯಿತಿಗೋ ಇಂಟರ್ನೆಟ್ ಸಂಪರ್ಕದ ಟೆಂಡರ್ ಕರೆಯುವವರು ಐಪಿವಿ6 ಕಡ್ಡಾಯ ಎಂಬ ಒಂದು ಷರತ್ತನ್ನು ಅದರಲ್ಲಿ ಸೇರಿಸಬೇಕು.